ಕಾಕನ ಗಿಟಾರಿಗೆ ಸ್ನಾನ

“ಅಜ್ಜಿ, ಸೈಕಲ್ ಆಯ್ತು, ಕೊಡ್ಲಿ ಆಯ್ತು, ಕುಡುಗೋಲೂ ಆಯ್ತು. ಇನ್ನೇನ್ ಐತಿ ತೊಳ್ಯಾಕ?”

ದ್ಯಾಮಕ್ಕ ಲಂಗ ಎತ್ತಿ ಕಟ್ಟಿ, ಕೈಯಲ್ಲಿ ತೆಂಗಿನ ನಾರು ಹಿಡಿದು ಬಚ್ಚಲ ಹತ್ತಿರ ನಿಂತಿದ್ದಳು. ಐದನೇ ಕ್ಲಾಸಿನ ಹುಡುಗಿ, ದಸರಾ ರಜೆ. ಇವತ್ತು ಆಯುಧ ಪೂಜೆ. ಬೆಳಗಿನಿಂದ ತೊಳೆದದ್ದೇ ತೊಳೆದದ್ದು, ಮೈಯೆಲ್ಲ ನೀರು.

“ಪೂಜಿಗಿ ಇಡೋ ಸಾಮಾನು ಒಂದೂ ಬಿಡಬ್ಯಾಡ ನೋಡವ್ವ,” ಎಂದು ಅಡುಗೆಮನೆಯಿಂದ ಮರುಳಸಿದ್ದಜ್ಜಿ ಕೂಗಿದಳು. ಅವಳಿಗೆ ಹೋಳಿಗೆಯ ಗಡಿಬಿಡಿ.

ಆಗ ದ್ಯಾಮಕ್ಕನ ಕಣ್ಣು ಪಾಲಾಕ್ಷ ಕಾಕನ ಕೋಣೆಯ ಕಡೆ ಹೋಯಿತು.

ಕಾಕ ಕೊಟ್ಟೂರಿನಲ್ಲಿ ಲೈನ್‌ಮನ್. ಹಬ್ಬವಾದರೂ ಡ್ಯೂಟಿಗೆ ಹೋಗಿದ್ದ. ಅವನ ಗಿಟಾರೆಂದರೆ ಅವನ ಜೀವ. ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಗಿಟಾರಲ್ಲ ಅದು. ಗೋವಾದ ಮುದುಕರೊಬ್ಬರು ಕೈಯಿಂದಲೇ ಮಾಡಿದ್ದು. ಮುಂದಿನ ಹಲಗೆ ಅಪ್ಪಟ ಮರ, ಹಪ್ಪಳದಷ್ಟು ತೆಳು. ಅದಕ್ಕೋಸ್ಕರ ಕಾಕ ಎಷ್ಟೋ ಹಬ್ಬಕ್ಕೆ ಹೊಸ ಅಂಗಿ ಹೊಲಿಸಿರಲಿಲ್ಲ.

“ಏನಲೇ ಪಾಲಾಕ್ಷ, ಆ ಡಬ್ಬಿ ಕೂಡಾನ ಸಂಸಾರ ಮಾಡ್ತೀ ಏನು?” ಎಂದು ಗೆಳೆಯರು ನಗುತ್ತಿದ್ದರು. ಕಾಕನೂ ನಗುತ್ತಿದ್ದ. ಸಂಜೆಯಾದರೆ ಮಾತ್ರ ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸಿ, ತೊಡೆಯ ಮೇಲಿಟ್ಟುಕೊಂಡು ಊಟದ ಹೊತ್ತನ್ನೂ ಮರೆಯುತ್ತಿದ್ದ.

ಎಲ್ಲದಕ್ಕೂ ಪೂಜೆ, ಗಿಟಾರಿಗಿಲ್ಲ ಅಂದರೆ ಹೇಗೆ? ಕಾಕ ಬೇಜಾರು ಮಾಡಿಕೊಳ್ಳುವುದಿಲ್ಲವೇ? ಪಾಪ, ಹುಡುಗಿಗೆ ಹೊಳೆದದ್ದು ಅಷ್ಟೇ.

ನಾರಿನಿಂದ ತಿಕ್ಕಿದರೆ ಗೀರು ಬೀಳುತ್ತದೆಂದು ಅವಳು ಗಿಟಾರನ್ನು ಬಚ್ಚಲಿಗೆ ತಂದು ಬರೀ ಕೈಯಿಂದಲೇ ತಿಕ್ಕಿದಳು. ತಂಬಿಗೆ ತಂಬಿಗೆ ನೀರು ಹೊಯ್ದಳು. ಆಮೇಲೆ ಮಾಳಿಗೆಗೆ ಒಯ್ದು ಚುರುಗುಟ್ಟುವ ಬಿಸಿಲಿಗೆ ಇಟ್ಟಳು. ಒಣಗಿದ ಮೇಲೆ ಕುಂಕುಮ ಹಚ್ಚಬೇಕು, ಚೆಂಡು ಹೂವು ಏರಿಸಬೇಕು. ಕಾಕ ಬಂದು ನೋಡಿ “ಶಭಾಷ್ ದ್ಯಾಮಿ!” ಅನ್ನಬೇಕು.

ಮಧ್ಯಾಹ್ನ ಮಾಳಿಗೆಯಿಂದ “ಫಟ್!” ಎಂದು ಸದ್ದಾಯಿತು.

ದ್ಯಾಮಕ್ಕ ಓಡಿದಳು. ತಂತಿ ಹಿಡಿದಿದ್ದ ಮರದ ಪಟ್ಟಿ ಕಿತ್ತು ಬಂದಿತ್ತು. ಹಲಗೆ ಉಬ್ಬಿ, ನಡುವೆ ಸೀಳು ಬಿಟ್ಟಿತ್ತು. ಅವಳು ಅದನ್ನು ಎತ್ತಿ ನೆರಳಿಗೆ ತಂದಳು.

ಸಂಜೆ ಕಾಕ ಬಂದಾಗ ಅವಳೇ ಮುಂದೆ ಹೋಗಿ ನಿಂತಳು. “ಕಾಕಾ, ನಾನ ತೊಳ್ದೆ. ಪೂಜಿಗಂತ...”

“ಮೂಳಿ, ಏನ್ ಮಾಡಿದೆಲೇ!” ಎಂದು ಅವ್ವ ಕೈ ಎತ್ತಿದಳು.

“ಹೊಡಿಬ್ಯಾಡ್ರಿ ಅತ್ತಿಗಿ. ಆಕಿಗೇನ್ ಗೊತ್ತು?” ಕಾಕ ಅಷ್ಟೇ ಹೇಳಿದ. ಗಿಟಾರನ್ನು ಎತ್ತಿಕೊಂಡು ಕೋಣೆಗೆ ಹೋದವನು ಹೋಳಿಗೆಗೂ ಹೊರಗೆ ಬರಲಿಲ್ಲ. ಎರಡು ಏಟು ಬಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ದ್ಯಾಮಕ್ಕನಿಗೆ. ಅವಳೂ ಹೋಳಿಗೆ ಮುಟ್ಟಲಿಲ್ಲ.

ಹಬ್ಬ ಮುಗಿದ ಮೇಲೆ ಬಡಿಗೇರ ಗಾದೆಪ್ಪ ಬಂದು ಸೀಳಿಗೆ ಗೋಂದು ಹಾಕಿ, ಪಟ್ಟಿ ಕೂರಿಸಿಕೊಟ್ಟ. ಕಾಕ ಹೊಸ ತಂತಿ ಕಟ್ಟಿದ. ಮನೆಯವರೆಲ್ಲ ಸುತ್ತ ಕೂತರು. ಕಾಕ ಒಂದು ಹಾಡು ನುಡಿಸಿದ.

“ಅಯ್ಯ, ಮೊದ್ಲಿನಂಗ ಐತಲ್ಲೋ!” ಅಜ್ಜಿಗೆ ಖುಷಿಯೋ ಖುಷಿ. “ನೋಡವ್ವ ದ್ಯಾಮಿ, ಸುಮ್ನ ಅತ್ತಿ ನೀನು.”

“ಹೂಂ ಯವ್ವ, ಚಲೋ ಆಗೈತಿ,” ಎಂದು ಕಾಕ ನಕ್ಕ.

ಅವ್ವನೂ ಅಜ್ಜಿಯೂ ಎದ್ದು ಒಳಗೆ ಹೋದರು. ದ್ಯಾಮಕ್ಕ ಏಳಲಿಲ್ಲ. ದಿನಾ ಕಾಕನ ಪಕ್ಕ ಕೂತು ಕೇಳಿದವಳು ಅವಳು. ಮೊದಲು ಒಂದು ತಂತಿ ಮೀಟಿದರೆ ಸದ್ದು ಕೋಣೆಯಲ್ಲೇ ಸುಳಿದಾಡುತ್ತಿತ್ತು. ಅದು ಮುಗಿಯುವವರೆಗೆ ಇಬ್ಬರೂ ಉಸಿರು ಹಿಡಿದು ಕೂರುತ್ತಿದ್ದರು.

“ಕಾಕಾ,” ಎಂದಳು ಮೆಲ್ಲಗೆ. “ಅಜ್ಜಿಗಿ ಗೊತ್ತಾಗ್ಲಿಲ್ಲ.”

ಕಾಕ ಅವಳ ಮುಖ ನೋಡಿದ. “ನಿನಗ ಕೇಳ್ಸಿತೇನು?”

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿತು.

ಕಾಕ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಅವಳು ಹೋಗಿ ಕೂತಳು. ಕಾಕ ಇನ್ನೊಮ್ಮೆ ತಂತಿ ಮೀಟಿದ. ಇಬ್ಬರೂ ಉಸಿರು ಹಿಡಿದರು.

ಸದ್ದು ಬೇಗನೆ ಮುಗಿದುಹೋಯಿತು.