ಕಂದಕಕ್ಕೆ ಬಿದ್ದ ಕಲ್ಲು

ಏಪ್ರಿಲ್ 22, ಸೋಮವಾರ, ಬೆಳಿಗ್ಗೆ 7.40ಕ್ಕೆ ಅಲ್ ಗಾಫ್ ಕೋಟೆಯ ಉಸ್ತುವಾರಿ ಅಧಿಕಾರಿ ಠಾಣೆಗೆ ಬಂದು ದೂರು ಕೊಟ್ಟರು. ಹೆಬ್ಬಾಗಿಲ ಮೇಲಿನ ಕೋಣೆಯ ಗೋಡೆಯಲ್ಲಿದ್ದ ಶಾಸನದ ಕಲ್ಲು ಕಾಣೆಯಾಗಿದೆ. ಮುನ್ನೂರೈವತ್ತು ವರ್ಷ ಹಳೆಯದು. ಎರಡು ಮೊಳ ಉದ್ದ, ಒಂದು ಮೊಳ ಅಗಲ, ಅರುವತ್ತು ಕಿಲೋ ತೂಕ. ದುರಸ್ತಿಯಾದ ಕೋಟೆಯ ಉದ್ಘಾಟನೆ ಮುಂದಿನ ವಾರ. ದೂರಿನ ಜೊತೆ ಕಲ್ಲಿನ ಹಳೆಯ ಫೋಟೋ ಒಂದಿತ್ತು.

ತನಿಖೆ ಇನ್ಸ್‌ಪೆಕ್ಟರ್ ಹಮೂದ್ ಪಾಲಿಗೆ ಬಂತು. ದುರಸ್ತಿಯ ಕೆಲಸಗಾರರು ಹೆಚ್ಚಿನವರು ಮಂಗಳೂರು ಕಡೆಯವರೆಂದು ತಿಳಿದು ಆತ ಮಸ್ಕತ್‌ನ ಅಲ್ ಮವಾಲೇಹ್‌ನಿಂದ ಶೈಲೇಶನನ್ನು ಕರೆಸಿದ. ಶೈಲೇಶನದು ಅಲ್ಲಿ ಅರಬಿ ಟೈಪಿಂಗ್ ಅಂಗಡಿ. ಠಾಣೆಗಳಿಗೆ ತುಳು, ಕನ್ನಡ ಹೇಳಿಕೆಗಳನ್ನು ಅರಬಿಗೆ ಅನುವಾದಿಸಿ ಕೊಡುವುದು ಅವನ ಉಪವೃತ್ತಿ. ಪೊಲೀಸರ ಪಕ್ಕದ ಕುರ್ಚಿಯಲ್ಲಿ ಕೂರುವುದೆಂದರೆ ಅವನಿಗೆ ಒಳಗೊಳಗೇ ಸ್ವಲ್ಪ ಗತ್ತು. ಆ ಗತ್ತು ಗುರುವಾರದ ತನಕವಷ್ಟೇ ಉಳಿಯಿತು.

ಕೋಟೆ ಚಚ್ಚೌಕ. ಎರಡು ಮೂಲೆಗೆ ಎರಡು ಗುಂಡನೆಯ ಬುರುಜು, ಸುತ್ತ ಹತ್ತು ಮೊಳ ಅಗಲದ ಕಂದಕ, ದಾಟಲು ಒಂದೇ ಮರದ ಸೇತುವೆ. ಬಾಗಿಲ ನೆತ್ತಿಯ ಮೇಲೆ ಒಂದು ಸೀಳು. ಮುತ್ತಿಗೆ ಹಾಕಿದವರ ತಲೆಗೆ ಕುದಿಯುವ ಖರ್ಜೂರದ ಪಾಕ ಸುರಿಯಲಿಕ್ಕೆ ಮಾಡಿಟ್ಟದ್ದು. ಅದರ ಮೇಲಿನ ಕೋಣೆಯಲ್ಲಿ ನೆಲಮಟ್ಟಕ್ಕೆ, ಸೇತುವೆಯ ಪಕ್ಕಕ್ಕೆ ತೆರೆಯುವ ಒಂದು ಫಿರಂಗಿ ಕಿಂಡಿ. ಅದರ ಎದುರಿನ ಗೋಡೆಯಲ್ಲಿ ಈಗ ಖಾಲಿ ಗೂಡು. ಹಮೂದ್ ಅದನ್ನೆಲ್ಲ ಅಳೆದು ಬರೆಸಿದ. ನಮ್ಮೂರಲ್ಲಾದರೆ ಇದಕ್ಕೆ ಪಂಚನಾಮೆ, ದೂರಿಗೆ ಎಫ್‌ಐಆರ್ ಎನ್ನುತ್ತಾರೆ ಎಂದು ಶೈಲೇಶ್ ವಿವರಿಸಿದ. ಹಮೂದ್ ಕಿವಿಗೆ ಹಾಕಿಕೊಳ್ಳಲಿಲ್ಲ.

11.15ಕ್ಕೆ ಮೊದಲ ಹೇಳಿಕೆ. ಎದುರು ಬಂದು ಕೂತವರನ್ನು ನೋಡಿ ಶೈಲೇಶ್ ಎದ್ದೇ ನಿಂತ. ಮೇಸ್ತ್ರಿ ಬೋಜಣ್ಣ! ಹನ್ನೊಂದು ವರ್ಷದ ಹಿಂದೆ ಶೈಲೇಶ್ ಮೊದಲು ಬಂದಿಳಿದಾಗ ಘಾಲಾದ ತಮ್ಮ ರೂಮಿನಲ್ಲಿ ಜಾಗ ಕೊಟ್ಟು, ಆರು ತಿಂಗಳು ಗಂಜಿ ಬಡಿಸಿದವರು. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಕೆಲಸದಲ್ಲಿ ಅವರನ್ನು ಸರಿಗಟ್ಟುವವರಿಲ್ಲ.

"ಭಾನುವಾರ ಸಂಜೆ ಎಂತ ನೋಡಿದ್ದೀರಿ, ಬೋಜಣ್ಣ?"

"ಎಂತ ನೋಡುದು ಮಗ. ಐದು ಗಂಟೆಗೆ ಮೊಯ್ದಿನ್ ಬ್ಯಾರಿಯ ಪಿಕಪ್ ಹೋಯ್ತು. ಹಿಂದೆ ಟಾರ್ಪಾಲ್ ಹಾಕಿತ್ತು. ಅಡಿಯಲ್ಲಿ ಎಂತ ಇತ್ತೋ, ನಾನು ನೋಡ್ಲಿಲ್ಲ."

ಮಧ್ಯಾಹ್ನ ಮೊಯ್ದಿನ್ ಎಂಬ ಮುಹಿಯುದ್ದೀನನನ್ನು ಕರೆಸಿದರು. ನಲವತ್ತೆಂಟು ವರ್ಷದ ಡ್ರೈವರ್. ಜೇಬಿನಲ್ಲಿ ಬುಧವಾರ ರಾತ್ರಿಯ ವಿಮಾನದ ಟಿಕೆಟ್. ಗುರುವಾರ ಉಳ್ಳಾಲದಲ್ಲಿ ಮಗಳು ಸಮೀನಾಳ ನಿಕಾಹ್. ತಂದೆಯೇ ಮದುಮಗನ ಕೈ ಹಿಡಿದು ಮಗಳನ್ನು ಒಪ್ಪಿಸಿಕೊಡಬೇಕು.

"ಪಿಕಪ್‌ನಲ್ಲಿ ಏನಿತ್ತು?" ಹಮೂದ್ ಕೇಳಿದ.

"ಒಡೆದ ಗಾರೆ ಸಾರ್. ಹೊರಗೆ ಸುರಿದು ಬಂದದ್ದು."

"ಯಾರು ನೋಡಿದ್ದಾರೆ?"

"ಯಾರೂ ಇಲ್ಲ." ಮುಹಿಯುದ್ದೀನ್ ಶೈಲೇಶನ ಕಡೆ ತಿರುಗಿದ. "ನಿನ್ನೆ ಮಧ್ಯಾಹ್ನ ಆ ಕಲ್ಲನ್ನು ತೊಳೆದದ್ದು ಯಾರೂಂತ ಬೋಜಣ್ಣನತ್ರ ಕೇಳ್ಲಿಕ್ಕೆ ಹೇಳಿ. ನಾನು ಮೇಲೆ ಹೋದಾಗ ಎಂತದ್ದೋ ವಾಸನೆ ಉಸಿರು ಕಟ್ಟುವ ಹಾಗೆ ಬರ್ತಿತ್ತು."

ಶೈಲೇಶನಿಗೆ ಮೈ ಉರಿಯಿತು. ತನ್ನ ಮೇಲಿನ ಆರೋಪ ತೊಳೆದುಕೊಳ್ಳಲು ಹಿರಿಯರ ಮೇಲೆ ಹಾಕುತ್ತಾನಲ್ಲ ಎಂದುಕೊಂಡ.

"ಏನು ಹೇಳಿದ?" ಎಂದ ಹಮೂದ್.

"ತಾನು ನಿರಪರಾಧಿ ಅಂತ ಹೇಳಿದ," ಎಂದ ಶೈಲೇಶ್.

ಹಾಳೆಯ ಕೊನೆಗೆ, ಹೇಳಿದ್ದನ್ನೆಲ್ಲ ಬಿಡದೆ ಅನುವಾದಿಸಿದ್ದೇನೆ ಎಂಬ ಸಾಲಿನ ಕೆಳಗೆ, ಸೊಗಸಾಗಿ ಸಹಿ ಹಾಕಿದ. ಮುಹಿಯುದ್ದೀನ್ ಠಾಣೆಯಲ್ಲೇ ಉಳಿದ.

ಮಂಗಳವಾರ ಹಮೂದ್ ಕೋಟೆಗೆ ಮತ್ತೆ ಹೋದ. ಹೆಬ್ಬಾಗಿಲ ದೊಡ್ಡ ಕದಗಳ ತಿರುಗಣಿ ಬಿಚ್ಚಿದ್ದರಿಂದ ಅವನ್ನು ಹತ್ತು ದಿನದಿಂದ ತೆರೆದಿಲ್ಲ. ಕದದೊಳಗಿನ ಕಿರುಬಾಗಿಲೊಂದೇ ದಾರಿ. ಶತ್ರು ಬಂದರೆ ಒಬ್ಬೊಬ್ಬನೇ, ತಲೆ ಬಗ್ಗಿಸಿಯೇ ಬರಬೇಕು ಎಂದು ಅದನ್ನು ಹಾಗೆ ಮಾಡಿದ್ದು. ಹಮೂದ್ ಶಾಸನದಷ್ಟೇ ದೊಡ್ಡ ಕಲ್ಲುಚಪ್ಪಡಿಯೊಂದನ್ನು ಕೋಟೆಯೊಳಗಿನಿಂದಲೇ ಆರಿಸಿ, ಇಬ್ಬರು ಕಾನ್‌ಸ್ಟೇಬಲ್‌ಗಳಿಗೆ ಹೊರಗೆ ಸಾಗಿಸಲು ಹೇಳಿದ. ಇಬ್ಬರೂ ಬೆವತು ಹೋದರು. ಶನಿವಾರ ಹೊಸದಾಗಿ ಗಾರೆ ಹಾಕಿದ್ದ ಹೊಸ್ತಿಲು ಎರಡು ಕಡೆ ಕಿತ್ತು ಬಂತು. ಅದಕ್ಕೆ ಮುಂಚೆ ಅದರಲ್ಲಿ ಒಂದು ಗೀರೂ ಇರಲಿಲ್ಲ.

"ಕಲ್ಲು ಈ ಬಾಗಿಲಿನಿಂದ ಹೋಗಿಲ್ಲ," ಎಂದ ಹಮೂದ್.

ಆದರೂ ಕಲ್ಲು ಸಿಗುವ ತನಕ ಮುಹಿಯುದ್ದೀನನನ್ನು ಬಿಡುವಂತಿರಲಿಲ್ಲ. ಒಳಗೆಲ್ಲ ಹುಡುಕಿದರು. ಬುರುಜು, ಖರ್ಜೂರದ ಉಗ್ರಾಣ, ಬಾವಿ, ಎಲ್ಲೂ ಇಲ್ಲ. ಬುಧವಾರ ಸಂಜೆ ಹಮೂದ್ ಫಿರಂಗಿ ಕಿಂಡಿಯ ಮುಂದೆ ಕೂತು ಹೊರಗೆ ನೋಡುತ್ತಿದ್ದ. ಕೆಳಗೆ ಕಂದಕದಲ್ಲಿ ಮಣ್ಣುಬಣ್ಣದ ನೀರು. ವರ್ಷವಿಡೀ ಒಣಗಿರುವ ಕಂದಕ, ಉದ್ಘಾಟನೆಗೆಂದು ತುಂಬಿಸಿದ್ದು.

"ಇಷ್ಟು ಬೇಗ ಯಾಕೆ ತುಂಬಿಸಿದರು?" ಎಂದು ಆತ ತನ್ನಷ್ಟಕ್ಕೇ ಕೇಳಿಕೊಂಡ.

ಆ ಊರಲ್ಲಿ ನೀರೆಂದರೆ ಫಲಜ್, ಬೆಟ್ಟದಿಂದ ಬರುವ ಹಳೆಯ ಕಾಲುವೆ. ಯಾವ ತೋಟಕ್ಕೆ ಯಾವ ಹೊತ್ತು ಎಂಬುದನ್ನು ನೆಟ್ಟ ಕೋಲಿನ ನೆರಳು ನೋಡಿ ವಕೀಲ್ ನಿರ್ಧರಿಸುತ್ತಾನೆ. ಕೋರ್ಟಿನ ವಕೀಲನಲ್ಲ, ಕಾಲುವೆಯ ಯಜಮಾನ. ಹಮೂದ್, ಶೈಲೇಶ್ ಹೋದಾಗ ಆ ಮುದುಕ ಕೋಲಿನ ಪಕ್ಕದಲ್ಲೇ ಕೂತಿದ್ದ.

"ಕೋಟೆಯ ಸರದಿ ಇವತ್ತು, ಬುಧವಾರ. ಭಾನುವಾರ ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಬಂದು, ಈಗಲೇ ಬೇಕು ಅಂತ ಅಂಗಲಾಚಿದ. ಪಾಪ ಅನಿಸಿತು. ನನ್ನ ತೋಟದ ಪಾಲನ್ನೇ ಬಿಟ್ಟುಕೊಟ್ಟೆ."

"ಯಾರು?"

"ಬಿಳಿ ತಲೆಯ ಮೇಸ್ತ್ರಿ."

ಹಮೂದ್‌ಗೆ ಅನುವಾದ ಬೇಕಾಗಿರಲಿಲ್ಲ. ಶೈಲೇಶನಿಗೂ ಬೇಕಾಗಿರಲಿಲ್ಲ. ಉಸಿರು ಕಟ್ಟುವ ವಾಸನೆಯ ಮಾತು ಅವನಿಗೆ ನೆನಪಾಯಿತು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮಸ್ಕತ್‌ನಿಂದ ಮಂಗಳೂರಿನ ವಿಮಾನ ಆ ರಾತ್ರಿ ಒಬ್ಬ ಪ್ರಯಾಣಿಕನನ್ನು ಬಿಟ್ಟು ಹಾರಿತು.

ಗುರುವಾರ ಬೆಳಿಗ್ಗೆ ಆರಕ್ಕೆ ತೂಬು ತೆರೆದು ಕಂದಕ ಬರಿದು ಮಾಡಿದರು. 7.35ಕ್ಕೆ ಫಿರಂಗಿ ಕಿಂಡಿಯ ನೇರ ಕೆಳಗೆ, ಕೆಸರಿನಲ್ಲಿ ಕಲ್ಲು ಸಿಕ್ಕಿತು. ಪಕ್ಕದಲ್ಲೇ ಆಸಿಡ್ಡಿನ ಖಾಲಿ ಕ್ಯಾನ್. ಕಲ್ಲನ್ನು ತೊಳೆದು ತಿರುಗಿಸಿದರೆ ಅದು ಬೋಳು. ಮೇಲ್ಮೈಯಲ್ಲಿ ಬಿಳಿ ಬಿಳಿ ಕಲೆ ಬಿಟ್ಟರೆ ಒಂದಕ್ಷರವೂ ಇರಲಿಲ್ಲ. 8.10ಕ್ಕೆ ಬೋಜಣ್ಣನನ್ನು ಬಂಧಿಸಿದರು. ಅವರು ಆಗಲೇ ಒಗೆದ ಅಂಗಿ ಹಾಕಿಕೊಂಡು ಸೇತುವೆಯ ಮೇಲೆ ಕಾಯುತ್ತಿದ್ದರು.

ಠಾಣೆಯಲ್ಲಿ ಶೈಲೇಶ್ ಅವರ ಮುಖ ನೋಡದೆ ಪ್ರಶ್ನೆ ಕೇಳಿದ.

"ಉದ್ಘಾಟನೆಗೆ ಫಳಫಳ ಆಗ್ಲೀಂತ ತೊಳೆದದ್ದು ಮಗ. ಊರಲ್ಲಿ ಕಪ್ಪುಕಲ್ಲಿಗೆ ಆಸಿಡ್ ಹಾಕಿ ತಿಕ್ಕುದಿಲ್ವಾ? ಇದು ಸುಣ್ಣದ ಕಲ್ಲು, ಹೀಗೆ ಆಗ್ತದೇಂತ ನನಗೆ ತಲೆಗೇ ಹೋಗ್ಲಿಲ್ಲ. ಸೋಡಾದ ಹಾಗೆ ನೊರೆ ಬಂತು. ಒರೆಸಿ ನೋಡಿದ್ರೆ ಅಕ್ಷರ ಇಲ್ಲ." ಅವರು ಅಂಗೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡರು. "ನಲವತ್ತು ವರ್ಷ ಈ ಕೈಯಲ್ಲಿ ಕೆಲಸ ಕೆಟ್ಟದ್ದೂಂತ ಒಬ್ಬ ಹೇಳ್ಲಿಲ್ಲ. ಆ ನಾಚಿಕೆ ತಡಕೊಳ್ಳಿಕ್ಕೆ ಆಗ್ಲಿಲ್ಲ. ಹಾರೆ ಹಾಕಿ ಕಿತ್ತು, ಹಲಗೆ ಮೇಲೆ ಜಾರಿಸಿ ಕಿಂಡಿಯಿಂದ ದೂಡಿಬಿಟ್ಟೆ."

"ಮುಹಿಯುದ್ದೀನ್ ಹೆಸರು ಹೇಳಿದ್ದೇಕೆ?"

"ಪಿಕಪ್ ಹೋದದ್ದು ಸುಳ್ಳಲ್ಲ ಅಲ್ವಾ?" ಅಂದವರು ತಡೆದು ತಲೆ ತಗ್ಗಿಸಿದರು. "ಅಲ್ಲ ಮಗ. ಅದು ಬೇಕೂಂತಲೇ ಹೇಳಿದ್ದು. ಹಾಗೇ ಬರಿ."

ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿದರು. "ಆ ಕಲ್ಲಲ್ಲಿ ಎಂತ ಬರೆದಿತ್ತು?"

ಹಮೂದ್ ಕಡತದಿಂದ ಫೋಟೋ ತೆಗೆದು ನಿಧಾನವಾಗಿ ಓದಿದ. ಶೈಲೇಶ್ ತುಳುವಿನಲ್ಲಿ ಹೇಳಿದ: ಈ ಕೋಟೆಯನ್ನೂ ಕಂದಕವನ್ನೂ ಕಟ್ಟಿದ್ದು ಮೇಸ್ತ್ರಿ ಖಲಫ್. ನೋಡುವವನೇ, ಅವನ ಕೈಯಿಂದ ತಪ್ಪಾಗಿದ್ದರೆ ಮನ್ನಿಸು.

ಬೋಜಣ್ಣ ಮೇಜಿನ ಕೆಳಗಿಂದ ಕೈಗಳನ್ನು ಹೊರಗೆ ತೆಗೆದರು. ಆಮೇಲೆ ಪೆನ್ನು ತೆಗೆದುಕೊಂಡರು.

ಅವರನ್ನು ಕರೆದೊಯ್ದ ಮೇಲೆ ಶೈಲೇಶ್ ಏಳಲಿಲ್ಲ.

"ಸೋಮವಾರ ಮುಹಿಯುದ್ದೀನ್ ಹೇಳಿದ್ದರಲ್ಲಿ ಒಂದು ಮಾತನ್ನು ನಾನು ನುಂಗಿದ್ದೇನೆ," ಎಂದು ಅರಬಿಯಲ್ಲಿ ಶುರುಮಾಡಿ, ಎಲ್ಲವನ್ನೂ ಹೇಳಿದ.

ಹಮೂದ್ ಸೋಮವಾರದ ಹಾಳೆ ತೆಗೆದು ಆ ಸೊಗಸಾದ ಸಹಿಯನ್ನು ನೋಡಿದ.

"ಅವತ್ತೇ ಹೇಳಿದ್ದರೆ ಅವನು ಇವತ್ತು ಮನೆಯಲ್ಲಿರುತ್ತಿದ್ದ. ಇದನ್ನು ನಾನು ಬರೆಯಲೇಬೇಕು. ಇನ್ನು ನಿಮ್ಮನ್ನು ಕರೆಸುವುದಿಲ್ಲ. ಅವನನ್ನು ಬಿಟ್ಟಾಯಿತು, ಹೊರಗಿದ್ದಾನೆ. ಹೋಗಿ ನೀವೇ ಹೇಳಿ."

ಗಂಟೆ 9.35. ಮುಹಿಯುದ್ದೀನ್ ಠಾಣೆಯ ಹೊರಗಿನ ಬೆಂಚಿನಲ್ಲಿ, ಮೊಬೈಲನ್ನು ಎರಡೂ ಕೈಯಲ್ಲಿ ಮುಖದ ಹತ್ತಿರ ಹಿಡಿದು ಕೂತಿದ್ದ. ತಲೆಗೆ ಕರವಸ್ತ್ರ ಕಟ್ಟಿಕೊಂಡಿದ್ದ.

"ಮೊಯ್ದಿನಾಕ," ಎಂದ ಶೈಲೇಶ್, "ಅವತ್ತು ನೀವು ಹೇಳಿದ ಮಾತು ನಾನು..."

"ಈಗ ಬೇಡ," ಮುಹಿಯುದ್ದೀನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ತಮ್ಮ ಮದುಮಗನ ಕೈ ಹಿಡ್ದ."