ನಿಶ್ಚಿತಾರ್ಥದ ಪೆಂಡಾಲಿನ ಕೆಳಗೆ

ಅಂಗಳದ ಆಚೆ ತುದಿಯ ಬಾವಿಪಂಪು ಟಪ್ಪೆಂದು ನಿಂತಾಗ ಅಶ್ಮಿತಾ ತಲೆತುಂಬ ಶಾಂಪೂ ಹಚ್ಚಿಕೊಂಡು ಬಚ್ಚಲಿನಲ್ಲಿದ್ದಳು. ಬಕೆಟಿನ ತಳದಲ್ಲಿದ್ದ ನೀರಿನಲ್ಲಿ ಅರೆಬರೆ ತೊಳೆದು, ತಲೆಗೆ ಟವೆಲ್ ಸುತ್ತಿ, ಸಿಟ್ಟಿನಲ್ಲಿ ಉರಿಯುತ್ತಲೇ ಹೊರಗೆ ಬಂದಳು.

ಅಂಗಳದಲ್ಲಿ ನಾಳೆಯ ಪೆಂಡಾಲು ಅರ್ಧ ಎದ್ದಿತ್ತು. ಹಗ್ಗ ಕಟ್ಟಲು ಹೊಡೆದ ಕಬ್ಬಿಣದ ಗೂಟದ ಎದುರು ಮುಖೇಶ ಕುಕ್ಕರಗಾಲಿನಲ್ಲಿ ಕುಳಿತಿದ್ದ.

“ಮೈನ್ ಆಫ್ ಮಾಡಿದ್ದೇನೆ. ಗೂಟ ಪೈಪಿಗೆ ಹೋಗಿದೆ. ಒಳಗಿನ ಕೇಬಲೂ ತುಂಡು.”

“ಪೈಪು ಎಲ್ಲಿ ಹೋಗ್ತದೆ ಅಂತ ಗೊತ್ತಿಲ್ವಾ ನಿನಗೆ? ಅದನ್ನು ಹೂತದ್ದು ಯಾರು, ನಿನ್ನ ಅಜ್ಜನಾ?”

ಹೂತವನು ಅವನೇ. ವಾಮಂಜೂರಿನಲ್ಲಿ ಶಾಮಿಯಾನ, ಲೈಟಿಂಗು, ವಯರಿಂಗು ಎಲ್ಲ ಮಾಡುವ ಮುಖೇಶ ಎರಡು ವರ್ಷದ ಹಿಂದೆ ಮನೆಯಿಂದ ಬಾವಿಯವರೆಗೆ ಕಣಿ ತೋಡಿ ಪಂಪಿನ ಕರೆಂಟ್ ಕೇಬಲಿಗೆಂದು ಈ ಪಿವಿಸಿ ಪೈಪು ಹಾಕಿದ್ದ. ಆಗ ಚಾ ತಂದ ಅಶ್ಮಿತಾ ಕಣಿಯ ಬದಿಯಲ್ಲೇ ನಿಂತಳು. ಲೋಟ ಹಿಂದೆ ಕೊಡುವಾಗ ಬೆರಳು ತಾಗಿತು. ಆಮೇಲೆ ವಾಟ್ಸಾಪು, ಬೀಚು, ಐಸ್‌ಕ್ರೀಮು ಎಲ್ಲವೂ ಆಯಿತು. ಅವಳಪ್ಪನ ಎದುರು ಬಾಯಿ ಬಿಡುವುದೊಂದು ಅವನಿಂದ ಆಗಲಿಲ್ಲ. ಕೂಳೂರಿನ ರೋಷನ್, ದುಬೈ ಕೆಲಸದವನು, ನೋಡಲು ಬರುತ್ತಾನೆ ಎಂದು ಅವಳು ಹೇಳಿದಾಗಲೂ “ಒಳ್ಳೆ ಸಂಬಂಧ” ಎಂದುಬಿಟ್ಟ. ಆ ಸಿಟ್ಟಿಗೇ ಅವಳು ರೋಷನ್‌ಗೆ ಹೂಂ ಅಂದಿದ್ದಳು. ನಾಳೆ ನಿಶ್ಚಿತಾರ್ಥ. ಗಾಯದ ಮೇಲೆ ಬರೆ ಎಳೆದ ಹಾಗೆ ಪೆಂಡಾಲಿನ ಕೆಲಸವೂ ಇವನಿಗೇ.

ಮುಖೇಶ ಮಣ್ಣು ಬಗೆದು, ತುಂಡಾದ ಹಳೆಯ ಕೇಬಲನ್ನು ಎಳೆದು ತೆಗೆದು, ಒಡೆದ ಭಾಗವನ್ನು ಗರಗಸದಿಂದ ಕೊಯ್ಯತೊಡಗಿದ. ನಡುವೆ ಒಮ್ಮೆ ಕಣ್ಣೆತ್ತಿದವನು ಹಾಗೇ ನೋಡಿದ.

“ಕಿವಿಯ ಹತ್ತಿರ ನೊರೆ ಉಂಟು.”

“ಇರ್ಲಿ. ರೋಷನ್ ಒರೆಸ್ತಾರೆ.”

ಗರಗಸ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಗತ್ಯಕ್ಕಿಂತ ಜೋರಾಗಿ ಓಡಿತು. ಅವಳಿಗೆ ಒಂದಿಷ್ಟು ಸಮಾಧಾನವಾಯಿತು.

ಹೊಸ ತುಂಡು ಕೂಡಿಸಿ, ಎರಡೂ ಕಡೆ ಅಂಟು ಹಚ್ಚಿ ಜೋಡಿಸುವ ಕಪ್ಲರ್ ಹಾಕಿ, ಅದು ಗಟ್ಟಿಯಾಗುವವರೆಗೂ ಒತ್ತಿ ಹಿಡಿದ. ಇನ್ನು ಪೈಪಿನೊಳಗೆ ತಂತಿ ತೂರಿಸಿ, ಅದರ ತುದಿಗೆ ಹೊಸ ಕೇಬಲ್ ಕಟ್ಟಿ ಎಳೆಯಬೇಕು. ಒಬ್ಬರು ಈ ತುದಿಯಲ್ಲಿ ಎಳೆದರೆ ಇನ್ನೊಬ್ಬರು ಆ ತುದಿಯಲ್ಲಿ ಬಿಡಬೇಕು. ಅವನ ಕೆಲಸದವರು ಕುರ್ಚಿ ತರಲು ಶಕ್ತಿನಗರಕ್ಕೆ ಹೋಗಿದ್ದರು. ಅಶ್ಮಿತಾ ತಾನಾಗಿಯೇ ಪಂಪ್‌ಶೆಡ್ಡಿಗೆ ಹೋಗಿ ಕೇಬಲ್ ಸುರುಳಿ ಹಿಡಿದಳು. ಅವನು ಮನೆಯ ಗೋಡೆಯ ಹತ್ತಿರ ನಿಂತು ಎಳೆಯತೊಡಗಿದ. ಅರ್ಧ ದಾರಿಯಲ್ಲಿ ಕೇಬಲ್ ನಿಂತಿತು.

“ಸಿಕ್ಕಿಬಿದ್ದಿದೆ ಕಾಣ್ತದೆ!”

“ನಾನು ಹಿಡಿದದ್ದು! ನನ್ನ ನಿಶ್ಚಿತಾರ್ಥಕ್ಕೆ ಪೆಂಡಾಲು ಹಾಕ್ಲಿಕ್ಕೆ ಹೇಗೆ ಒಪ್ಪಿದೆ? ಅದು ಹೇಳು, ಮತ್ತೆ ಬಿಡ್ತೇನೆ!”

“ಮೆಲ್ಲ ಮಾತಾಡು ಮಾರಾಯ್ತಿ!”

“ಎರಡು ವರ್ಷ ಮೆಲ್ಲ ಮಾತಾಡಿ ಎಂತ ಸಿಕ್ಕಿತು?”

ಅವನು ರೊಯ್ಯನೆ ಎಳೆದ. ಅವಳ ಅಂಗೈ ಉರಿಯಿತು, ಆದರೂ ಬಿಡಲಿಲ್ಲ. ಅಂಗಳದ ಆ ತುದಿಯಿಂದ ಅವನೂ ಈಗ ಬೊಬ್ಬೆ ಹಾಕಿದ.

“ಮೋಹನಣ್ಣ ನನ್ನನ್ನು ನಂಬಿ ಮನೆಯ ಕೀ ಕೊಟ್ಟವರು! ಅವರ ಹತ್ತಿರ ಮಗಳನ್ನು ಕೊಡಿ ಅಂತ ಯಾವ ಮುಖದಲ್ಲಿ ಕೇಳುದು?”

“ಹಾಗಾದ್ರೆ ನಾಳೆ ಬಡಿಸ್ಲಿಕ್ಕೂ ನಿಲ್ಲು!”

“ಆಗುದಿಲ್ಲ! ನಾನೇ ಹಾಕಿದ ಪೈಪಿಗೆ ನಾನೇ ಗೂಟ ಹೊಡೆದೆ, ತಲೆ ಸರಿ ಉಂಟಾ ನನಗೆ? ನೀನು ಬೇಕು ನನಗೆ! ಯಾವ ರೋಷನ್‌ಗೂ ಬಿಟ್ಟುಕೊಡ್ಲಿಕ್ಕೆ ಆಗುದಿಲ್ಲ!”

“ಎಂತ ಹೇಳಿದ್ದು ಈಗ?” ಮೂರನೆಯ ಸ್ವರವೊಂದು ಕೇಳಿತು.

ಗೇಟಿನಲ್ಲಿ ಅವಳಪ್ಪ ಮೋಹನದಾಸ್ ನಿಂತಿದ್ದರು, ಕೈಯಲ್ಲಿ ನಾಳೆಗೆಂದು ತಂದ ಹೂವಿನ ಚೀಲ.

ಅಶ್ಮಿತಾ ಮುಖೇಶನನ್ನೇ ನೋಡಿದಳು. ಇವನು ಈಗ ಮಾತು ಹಾರಿಸಿದರೆ ನಾಳೆ ತಾನು ರೋಷನ್‌ನ ಉಂಗುರ ಹಾಕಿಕೊಳ್ಳುವುದೇ ಸೈ, ಇವನ ಮುಖ ಇನ್ನು ನೋಡುವುದಿಲ್ಲ ಎಂದು ಹಲ್ಲು ಕಚ್ಚಿದಳು.

ಮುಖೇಶ ತಂತಿ ಕೆಳಗಿಟ್ಟ. “ಅಶ್ಮಿತಾ ನನಗೆ ಬೇಕು, ಮೋಹನಣ್ಣ,” ಎಂದ. ಈ ಸಲ ಸ್ವರ ಏರಲಿಲ್ಲ. “ಮೊದಲೇ ಹೇಳ್ಬೇಕಿತ್ತು. ಹೆದರಿದೆ.”

“ನೀನೆಂತ ಹೇಳ್ತಿ?” ಅಪ್ಪ ಅವಳತ್ತ ತಿರುಗಿದರು.

“ನನಗೂ ಇವನೇ, ಪಪ್ಪ. ರೋಷನ್‌ಗೆ ಸಿಟ್ಟಲ್ಲಿ ಹೂಂ ಅಂದದ್ದು. ತಪ್ಪು ನನ್ನದು.”

ಹೂವಿನ ಚೀಲ ಜಗಲಿಗೆ ಹೋಗಿ ಬಿತ್ತು. “ಇಬ್ಬರ ಬಾಯಿಗೂ ಎಂತ ಬೀಗ ಹಾಕಿತ್ತಾ? ನಿಶ್ಚಿತಾರ್ಥದ ಮುಂಚಿನ ದಿನ ಹೇಳುದಾ ಇದನ್ನು? ಆ ಹುಡುಗ ಎಂತ ಪಾಪ ಮಾಡಿದ್ದು?” ಮೋಹನದಾಸ್ ಜಗಲಿಯಲ್ಲಿ ಅತ್ತಿಂದಿತ್ತ ನಡೆದರು. ಗೋಡೆಯಿಂದ ಕಾರಿನ ಕೀ ತೆಗೆದರು. “ಕೂಳೂರಿಗೆ ಹೋಗಿ ಅವರ ಕಾಲು ಹಿಡೀಬೇಕು. ಬೈಗಳು ತಿನ್ಲಿಕ್ಕೆ ನಾನೊಬ್ಬನೇ ಎಂತಕ್ಕೆ? ಅಳಿಯನೂ ಕಾರು ಹತ್ಲಿ!”

ಮುಖೇಶ ಪೆದ್ದನಂತೆ ನಿಂತೇ ಇದ್ದ. ಅಪ್ಪ ಅಳಿಯ ಎಂದದ್ದು ಯಾರನ್ನೆಂದು ಅಶ್ಮಿತಾಳಿಗೆ ಮೊದಲು ಅರ್ಥವಾಯಿತು.

“ಹೋಗು ಮಾರಾಯ,” ಎಂದು ಅಳುತ್ತಲೇ ಗದರಿದಳು, “ಈಗಲೂ ನಿಂತು ನೋಡ್ತಿಯಲ್ಲ!”

ಅವನು ಮಣ್ಣುಕೈಯಲ್ಲೇ ಕಾರಿನತ್ತ ಓಡಿದ.