ಮಲಗಿದ ಮುಖದ ಚುಕ್ಕೆಗಳು

ಗಾಜು ಒಡೆದ ಸದ್ದು ಅದು. ತೀರಾ ಸಣ್ಣದು, ಒಮ್ಮೆ ಟಿಣ್ ಎಂದು ಸುಮ್ಮನಾಯಿತು. ಬೀದಿಯೆಲ್ಲ ಮಲಗಿದ್ದ ಹೊತ್ತು. ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡನೇ ಸಲ ನೋಡಲು ಅಡುಗೆಮನೆಗೆ ಬಂದಿದ್ದೆ. ಸದ್ದು ಕೆಳಗಿನ ಚರ್ಮದ ಕ್ಲಿನಿಕ್ಕಿನಿಂದ ಬಂದಂತಿತ್ತು. ಕ್ಲಿನಿಕ್ ಸಂಜೆಯೇ ಬಾಗಿಲು ಹಾಕಿತ್ತು. ಕಿವಿಗೊಟ್ಟು ನಿಂತೆ, ಮತ್ತೇನೂ ಕೇಳಲಿಲ್ಲ. ಬೆಕ್ಕಿರಬೇಕು ಎಂದು ಮಲಗಿದೆ.

ನಸುಕಿನಲ್ಲಿ ನಮ್ಮನ್ನು ಎಬ್ಬಿಸಿದ್ದು ಕ್ಲಿನಿಕ್ ಗುಡಿಸಿ ಒರೆಸಲು ಬಂದ ನರ್ಸ್‌ನ ಕೂಗು.

ನಾನು ಇಳಿಯುವಷ್ಟರಲ್ಲಿ ಅತ್ತೆ ಆಗಲೇ ಕ್ಲಿನಿಕ್ಕಿನ ಬಾಗಿಲಲ್ಲಿದ್ದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾದ ನನ್ನ ಅತ್ತೆಗೆ ಮೊಣಕಾಲು ನೋವು ಮನೆಗೆಲಸಕ್ಕಷ್ಟೇ ಅಡ್ಡ ಬರುತ್ತಿತ್ತು. ಕಟ್ಟಡದಲ್ಲಿ ಏನೇ ಕಳೆದರೂ ಜನ ಮೊದಲು ತಟ್ಟುತ್ತಿದ್ದುದು ನಮ್ಮ ಬಾಗಿಲನ್ನೇ.

ಒಳಗೆ, ಹಿಂದಕ್ಕೆ ವಾಲಿಸಿದ ಕುರ್ಚಿಯಲ್ಲಿ ಕಟ್ಟಡದ ಒಡತಿ ಮಲಗಿದ್ದರು. ಟೀವಿಯಲ್ಲಿ ಎಷ್ಟೋ ವರ್ಷದಿಂದ ವಾರ್ತೆ ಓದುತ್ತಿದ್ದ ಅವರನ್ನು ನಾವೆಲ್ಲ ವಾರ್ತೆಯಮ್ಮ ಎನ್ನುತ್ತಿದ್ದೆವು. ಹುಬ್ಬುಗಳ ನಡುವಿನ ಚರ್ಮ ನೀಲಿ ಬಲೆ ಹರಡಿದಂತೆ ಕಂದಿತ್ತು. ಬಲಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಬತ್ತಿದ ಕೆನ್ನೆಗಳ ಗುಳಿಯಲ್ಲಿ ಬಿಳಿ ಪೆನ್ಸಿಲಿನ ಚುಕ್ಕೆಗಳು ಒಪ್ಪವಾಗಿ ಕೂತಿದ್ದವು.

"ಈ ಕಣ್ಣು ಪೂರ್ತಿ ಕತ್ತಲು" ಎಂದರು, ಬೇರೆ ಯಾರದೋ ಸುದ್ದಿ ಓದುವಂತೆ.

"ಯಾರು ಸೂಜಿ ಹಾಕಿದ್ದು?" ಎಂದರು ಅತ್ತೆ.

"ನೋಡ್ಲಿಲ್ಲ. ಕಣ್ಮುಚ್ಚಿಕೊಂಡಿದ್ದೆ."

ಅವರನ್ನು ಎಬ್ಬಿಸಿ ಕೂರಿಸಿ ನೀರು ಕೊಟ್ಟೆ. ನೀರು ತುಟಿಯ ಅಂಚಿನಿಂದ ಸೋರಿತು. ಒರೆಸುವಾಗ ಕಂಡಿತು: ಮೇಲ್ತುಟಿಯ ಒಳಭಾಗವನ್ನು ತಾವೇ ಕಚ್ಚಿಕೊಂಡು ಹಣ್ಣು ಮಾಡಿಕೊಂಡಿದ್ದರು. "ರಕ್ತ ಬಂದಿದೆಯಲ್ಲ" ಎಂದರೆ, "ಹೌದಾ?" ಎಂದು ಬೆರಳಿಂದ ಮುಟ್ಟಿ ನೋಡಿಕೊಂಡರು. ಲಕ್ವ ಹೊಡೆದಿದೆಯೋ ಎಂದು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅತ್ತೆ ಮಾತ್ರ ಕೂತ ಮುಖವನ್ನೇ ದಿಟ್ಟಿಸುತ್ತಿದ್ದರು. ಕೂರಿಸಿದೊಡನೆ ಕೆನ್ನೆ ಇಳಿದು, ಚುಕ್ಕೆಗಳು ಗುಳಿಯಿಂದ ಜಾರಿ ಎಲ್ಲೋ ಕೆಳಗೆ ಹೋಗಿದ್ದವು.

ಆಂಬುಲೆನ್ಸ್ ಹೋದ ಮೇಲೆ ಅತ್ತೆ ಮೊಣಕಾಲು ಹಿಡಿದುಕೊಂಡು ಬಗ್ಗಿ, ಕುರ್ಚಿಯಡಿಯಿಂದ ಗಾಜಿನ ಚೂರೊಂದನ್ನು ಎತ್ತಿದರು. ಚೀಟಿ ಅಂಟಿದ ಚೂರು.

"ಇದೇನು?"

"ಕರಗಿಸೋ ಔಷಧಿ ಅಮ್ಮ" ಎಂದಳು ನರ್ಸ್. "ಫಿಲ್ಲರ್ ಅಂದ್ರೆ ಜೆಲ್ ಅಲ್ವಾ, ಸುಕ್ಕಿನ ಕೆಳಗೆ ತುಂಬೋದು. ಅದು ತಪ್ಪಿ ರಕ್ತನಾಳಕ್ಕೆ ಹೋದ್ರೆ ತಕ್ಷಣ ಇದನ್ನ ಹಾಕ್ಬೇಕು."

"ಸ್ಟೂಲು ಯಾವಾಗ್ಲೂ ಅಲ್ಲೇ ಇರತ್ತಾ?" ಡಾಕ್ಟರ ಸ್ಟೂಲು ಕುರ್ಚಿಯ ತಲೆಯ ಹಿಂದೆ, ಗೋಡೆಗೆ ಒತ್ತಿಕೊಂಡಿತ್ತು.

"ಇಲ್ಲಮ್ಮ, ಪಕ್ಕದಲ್ಲಿ ಇರತ್ತೆ."

ಕಣ್ಣು ಉಳಿಯಲಿಲ್ಲ. ಮೆದುಳಿಗೇನೂ ಆಗಿಲ್ಲ, ಲಕ್ವ ಅಲ್ಲ, ಆದರೆ ಆ ಕಣ್ಣಿಗೆ ಮತ್ತೆ ಬೆಳಕಿಲ್ಲ ಎಂದರು ಆಸ್ಪತ್ರೆಯವರು. ಹಲ್ಲಿನ ಡಾಕ್ಟರಾಗಿದ್ದ ಒಬ್ಬಳೇ ಮಗಳು ತಾಯಿಯ ಮಂಚ ಬಿಟ್ಟು ಕದಲಲಿಲ್ಲ. ವಾರ್ತೆಯಮ್ಮ ಮನೆಗೆ ಬಂದ ದಿನ ನರ್ಸ್ ನಮ್ಮ ಬಾಗಿಲಿಗೆ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತಿದ್ದಳು.

"ಅಮ್ಮಾ, ನಾಳೆ ಬೆಳಗ್ಗೆ ಪೊಲೀಸ್ನೋರು ನನ್ನ ಕರ್ಕೊಂಡು ಹೋಗ್ತಾರಂತೆ. ಬೀಗ ಒಡೆದಿಲ್ಲ, ಕೀಲಿ ನನ್ನ ಹತ್ರ ಇದೆ. ಅದೂ ಅಲ್ದೆ..." ತಲೆ ತಗ್ಗಿಸಿದಳು. "ಹಿಂದೆ ಒಂದ್ಸಲ ನಮ್ಮ ಅತ್ತಿಗೆಗೆ ಕದ್ದು ತುಟಿಗೆ ಫಿಲ್ಲರ್ ಹಾಕಿದ್ದೆ. ಡಾಕ್ಟ್ರಿಗೆ ಗೊತ್ತಾಗಿ ಬೈದಿದ್ರು. ಈಗ ಇನ್‌ಸ್ಪೆಕ್ಟರ್ ಅದನ್ನೇ ಹಿಡ್ಕೊಂಡಿದ್ದಾರೆ. ಕೇಸಾದ್ರೆ ಇನ್ನು ಯಾವ ಆಸ್ಪತ್ರೆಯವರೂ ನನ್ನ ಒಳಗೆ ಬಿಟ್ಕೊಳಲ್ಲ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ" ಎಂದು ಗೊಣಗಿದರು ಅತ್ತೆ. "ನೀನು ಹಾಕಿದ್ಯಾ?"

"ಇಲ್ಲ."

"ಸರಿ, ಅಳೋದು ನಿಲ್ಸು. ಡಾಕ್ಟರು ಮುಖಕ್ಕೆ ಚುಕ್ಕೆ ಇಡೋವಾಗ ಪೇಷೆಂಟ್ ಹೇಗಿರ್ತಾರೆ?"

"ಕೂತಿರ್ತಾರೆ. ಕೈಯಲ್ಲಿ ಕನ್ನಡಿ ಕೊಟ್ಟು ನೆಟ್ಟಗೆ ಕೂರಿಸ್ತಾರೆ. ಮಲಗಿದ್ರೆ ಕೆನ್ನೆ ಕಿವಿ ಕಡೆ ಸರಿದುಬಿಡತ್ತಲ್ಲ ಅಮ್ಮ. ಕೂತಾಗ ಗುರುತು ಮಾಡಿ ಆಮೇಲೆ ವಾಲಿಸೋದು."

"ನಿಮ್ಮ ಅತ್ತಿಗೇನ?"

"ಅವರನ್ನೂ ಕೂರಿಸೇ ಗುರುತು ಮಾಡಿದ್ದು."

"ಮರಗಟ್ಟಿಸೋದು?"

"ಮುಖಕ್ಕೆ ಕ್ರೀಮ್ ಹಚ್ಚಿ ಬಿಡ್ತೀವಿ. ನಮ್ಮಲ್ಲಿ ಅಷ್ಟೇ."

ಅತ್ತೆಯ ಮುಖ ಬಾಡಿತು. ಒಗಟು ಬಿಡಿಸಿದ ದಿನ ಅವರು ಎರಡನೇ ಲೋಟ ಕಾಫಿ ಕೇಳುವುದಿತ್ತು. ಆ ದಿನ ಮೊದಲನೆಯದೂ ಆರಿಹೋಯಿತು.

"ಪುಕ್ಕಲಿ, ಬಾ" ಎಂದರು ನನಗೆ. ಅದು ಅವರು ನನಗಿಟ್ಟ ಹೆಸರು. "ಎಲ್ಲರನ್ನೂ ಮೇಲಿನ ಮನೆಗೆ ಕರಿ. ಇನ್‌ಸ್ಪೆಕ್ಟರ್‌ನ ಮಾತ್ರ ಬೇಡ. ಅವನಿಗೆ ನಾಳೆ ಬೆಳಗ್ಗೆವರೆಗೂ ಪುರುಸೊತ್ತಿದೆ."

ವಾರ್ತೆಯಮ್ಮನ ನಡುಮನೆಯಲ್ಲಿ ಕನ್ನಡಿಯ ಮೇಲೆ ಟವಲ್ ಹೊದಿಸಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅವರು ಸೋಫಾದ ತುದಿಯಲ್ಲಿದ್ದರು. ಪಕ್ಕದಲ್ಲಿ ಮಗಳು. ಚರ್ಮದ ಡಾಕ್ಟರು ಕಿಟಕಿ ಹತ್ತಿರ, ನರ್ಸ್ ಬಾಗಿಲ ಹತ್ತಿರ. ಯಾರು ಯಾರ ಕಡೆ ನೋಡುತ್ತಿಲ್ಲ ಎಂಬುದನ್ನು ನಾನು ನೋಡುತ್ತಿದ್ದೆ.

"ಡಾಕ್ಟ್ರೇ, ಇವರು ಹುಬ್ಬಿನ ನಡುವೆ ಫಿಲ್ಲರ್ ಹಾಕಿ ಅಂತ ನಿಮ್ಮನ್ನ ಕೇಳಿದ್ರಾ?" ಎಂದು ಅತ್ತೆ ಶುರುಮಾಡಿದರು.

"ತುಂಬ ಸಲ. ಸಂಜೆ ವಾರ್ತೆಗೆ ಇವರ ಬದಲು ಹೊಸ ಹುಡುಗಿ ತರ್ತಾರೆ ಅಂತ ತಿಳಿದಾಗಿನಿಂದ ಬೆನ್ನು ಬಿದ್ದಿದ್ರು. ನಾನು ಒಪ್ಪಲಿಲ್ಲ. ಅಲ್ಲಿಯ ರಕ್ತನಾಳಕ್ಕೂ ಕಣ್ಣಿನ ರಕ್ತನಾಳಕ್ಕೂ ನಂಟಿದೆ. ಜೆಲ್ ಒಳಗೆ ಹೋದ್ರೆ ಕಣ್ಣೇ ಹೋಗತ್ತೆ ಅಂದಿದ್ದೆ."

"ಅಂದ್ರೆ ನೀವು ಒಲ್ಲೆ ಅಂದಿದ್ದನ್ನ ಇನ್ಯಾರೋ ಮಾಡಿದ್ದಾರೆ. ಎಲ್ಲರೂ ಎರಡು ಕೀಲಿ ಎಣಿಸಿದ್ರು, ಡಾಕ್ಟರದು, ನರ್ಸ್‌ದು. ಕಟ್ಟಡದ ಒಡತಿ ಹತ್ರ ಪ್ರತಿ ಬಾಗಿಲಿನ ಕೀಲಿನೂ ಇರತ್ತೆ ಅನ್ನೋದನ್ನ ಮರೆತ್ರು. ಕೆಟ್ಟದ್ದು ನಡೆದಿದ್ದು ಒಡತಿಗೇ ನೋಡಿ, ಅದಕ್ಕೆ." ಅತ್ತೆ ವಾರ್ತೆಯಮ್ಮನ ಕಡೆ ತಿರುಗಿದರು. "ಬಾಗಿಲು ತೆಗೆದಿದ್ದು ನೀವೇ."

ವಾರ್ತೆಯಮ್ಮ ಕಣ್ಣಿನ ಪಟ್ಟಿಯನ್ನು ಸರಿಮಾಡಿಕೊಂಡರು.

"ಹುಬ್ಬಾದ ಮೇಲೆ ಕೆನ್ನೆಗೂ ಹಾಕೋಣ ಅಂತ ಚುಕ್ಕೆ ಇಟ್ಟವರು ಇವರನ್ನ ಕೂರಿಸಿ ಇಡ್ಲಿಲ್ಲ. ಮಲಗಿಸಿ ಇಟ್ರು. ಮಲಗಿದ್ದಾಗ ಗುಳಿಯೊಳಗೆ ಸರಿಯಾಗಿ ಕೂತಿದ್ದ ಚುಕ್ಕೆ, ಕೂರಿಸಿದಾಗ ಜಾರಿಹೋಯ್ತು. ಈ ಕ್ಲಿನಿಕ್ಕಲ್ಲಿ ಕೆಲಸ ಮಾಡಿದವರು ಯಾರೂ ಹಾಗೆ ಮಾಡಲ್ಲ. ಇನ್ನು ಆ ಸ್ಟೂಲು. ಚರ್ಮದ ಡಾಕ್ಟರು ಪಕ್ಕದಲ್ಲಿ ಕೂರ್ತಾರೆ. ತಲೆ ಹಿಂದೆ ಕೂತು, ಮಲಗಿರೋ ಮುಖನೇ ನೋಡಿ ಕೆಲಸ ಮಾಡೋರು ಬೇರೆ."

ಮಗಳ ಕೈ ತಾಯಿಯ ಕೈಯಿಂದ ಮೆಲ್ಲಗೆ ಬಿಟ್ಟುಕೊಂಡಿತು.

"ಕೊನೆಗೆ ಆ ತುಟಿ. ಕಚ್ಚಿ ರಕ್ತ ಬಂದ್ರೂ ಇವರಿಗೆ ಗೊತ್ತಾಗಿಲ್ಲ. ಕ್ರೀಮು ಚರ್ಮದ ಮೇಲಷ್ಟೇ ಮರಗಟ್ಟಿಸೋದು. ತುಟಿ ಒಳಗಿನವರೆಗೂ ಜೋಮು ಹಿಡೀಬೇಕಾದ್ರೆ ಬಾಯೊಳಗೆ, ಒಸಡಿನ ಮೇಲೆ ಸೂಜಿ ಹಾಕಿರಬೇಕು. ಅಮ್ಮನಿಗೆ ನೋವಾಗಬಾರದು ಅಂತ ತನಗೆ ಚೆನ್ನಾಗಿ ಬರೋ ಕೆಲಸಾನ ಮೊದಲು ಮಾಡಿದ್ದಾಳೆ. ಅಲ್ವೇನಮ್ಮ?"

"ಸಾಕು!" ಎಂದರು ವಾರ್ತೆಯಮ್ಮ. "ಅವಳು ಆ ಹೊತ್ತು ತನ್ನ ಮನೇಲಿದ್ಲು. ನಾನೇ ಕನ್ನಡಿ ಹಿಡ್ಕೊಂಡು ಹಾಕ್ಕೊಂಡೆ ಅಂತ ಬರ್ಕೊಳ್ಳಿ."

"ಹೆತ್ತವರಿಗೆ ಹೆಗ್ಗಣ ಮುದ್ದು. ಆದ್ರೆ ನಿಮ್ಮ ಮುದ್ದಿಗೆ ಆ ನರ್ಸ್ ಜೈಲಿಗೆ ಹೋಗ್ಬೇಕಿತ್ತಾ? ನಾಳೆ ಅವಳನ್ನ ಕರ್ಕೊಂಡು ಹೋಗ್ತಾರೆ ಅಂತ ಗೊತ್ತಿದ್ದೂ ಸುಮ್ಮನೆ ಇದ್ರಲ್ಲ!"

"ಅಮ್ಮ, ಬಿಡು" ಎಂದಳು ಮಗಳು. ಧ್ವನಿಯಲ್ಲಿ ಅಳುವೂ ಉಳಿದಿರಲಿಲ್ಲ. "ನಾನೇ. ಮುಖಕ್ಕೆ ಫಿಲ್ಲರ್ ಹಾಕೋದು ಕಲಿಸೋ ತರಗತಿಗೆ ಎರಡು ದಿನ ಹೋಗಿದ್ದೆ. 'ಡಾಕ್ಟ್ರು ಹೆದರುಪುಕ್ಕಲ, ನಿನ್ನ ಕೈ ಹಗುರ, ನೀನೇ ಹಾಕು' ಅಂತ ಅಮ್ಮ ದಿನಾ ಹೇಳೋಳು. ಹಾಕಿದ ಕೂಡಲೇ ಕಣ್ಣು ಕತ್ತಲಾಯ್ತು ಅಂದ್ಲು. ಫ್ರಿಜ್ಜಿಂದ ಆ ಔಷಧಿ ತೆಗೆದೆ. ಕೈಜಾರಿ ಬಿತ್ತು. ಇನ್ನೊಂದಕ್ಕೆ ಹುಡುಕಿ ಸೋತು, ಮುಗೀತಲ್ಲ ಅಂತ ಅಲ್ಲೇ ಕೂತುಬಿಟ್ಟೆ. ಇವಳು 'ಹೋಗು, ನಿನ್ನ ಡಾಕ್ಟರ್‌ಗಿರಿ ಹೋಗತ್ತೆ, ಹೋಗು' ಅಂತ ತಳ್ಳಿದ್ಲು. ಹೋದೆ."

"ನೀವ್ಯಾಕೆ ಯಾರನ್ನೂ ಕೂಗ್ಲಿಲ್ಲ?" ಎಂದು ನಾನು ಕೇಳಿಯೇಬಿಟ್ಟೆ.

"ಔಷಧಿ ಒಡೆದುಹೋಯ್ತಲ್ಲ" ಎಂದರು ವಾರ್ತೆಯಮ್ಮ. "ಇನ್ನು ಕೂಗಿ ಏನು ಮಾಡೋದಿತ್ತು? ಇವಳು ಮನೆ ಸೇರೋವರೆಗೆ ಸುಮ್ಮನಿರೋಣ ಅಂದುಕೊಂಡೆ. ಆಮೇಲೆ ಬೆಳಗಾಯ್ತು."

ಇನ್‌ಸ್ಪೆಕ್ಟರಿಗೆ ತಾನೇ ಹೇಳುತ್ತೇನೆಂದು ಮಗಳು ಒಪ್ಪಿಕೊಂಡಳು. ಡಾಕ್ಟರು ನರ್ಸ್ ಕಡೆ ಅರ್ಧ ತಿರುಗಿ, ತಪ್ಪು ತಿಳಿಯಬಾರದು, ಇಷ್ಟೆಲ್ಲ ಆದ ಮೇಲೆ ಪೇಷೆಂಟುಗಳು ಏನೇನೋ ಕೇಳುತ್ತಾರೆ, ಕೆಲಸಕ್ಕೆ ಬೇರೆ ಕಡೆ ನೋಡಿಕೊಂಡರೆ ಒಳ್ಳೆಯದು ಎಂದರು. ನರ್ಸ್ ಸರಿ ಎಂದು ತಲೆಯಾಡಿಸಿದಳು.

ಹೊರಡುವಾಗ ಮಗಳು ಅವಳ ಸೆರಗು ಹಿಡಿದಳು.

"ಸಿಸ್ಟರ್, ಒಂದು ಮಾತು. ಆ ಬಾಟ್ಲಿ ಬಿಟ್ರೆ ಬೇರೆ ಇತ್ತಾ ಅಲ್ಲಿ? ಫ್ರಿಜ್ಜೆಲ್ಲ ಹುಡುಕಿದೆ. ಸಿಗಲಿಲ್ಲ."

ಕಿಟಕಿ ಬಳಿ ಡಾಕ್ಟರು ಬಾಯಿ ತೆರೆದರು.

"ಇಲ್ಲ" ಎಂದಳು ನರ್ಸ್, ಅವರಿಗಿಂತ ಮೊದಲು. "ಅದೊಂದೇ ಇದ್ದಿದ್ದು." ಡಾಕ್ಟರು ಬಾಯಿ ಮುಚ್ಚಿ ನೆಲ ನೋಡಿದರು.

ಮೆಟ್ಟಿಲ ತಿರುವಿನಲ್ಲಿ ಅತ್ತೆ ನಿಂತರು. "ಎಲ್ಲಿತ್ತೇ ಇನ್ನೊಂದು?"

ನರ್ಸ್ ಸುಳ್ಳು ಹೇಳಲು ನೋಡಿ ಸೋತಳು. "ಕುರ್ಚಿ ಪಕ್ಕದ ಡ್ರಾಯರಲ್ಲಿ. ಹೊಸದು, ಪುಡಿ, ಫ್ರಿಜ್ ಬೇಕಾಗಿಲ್ಲ. ಪೆಟ್ಟಿಗೆ ತುಂಬ ಇತ್ತು, ನಾನೇ ಇಟ್ಟಿದ್ದು. ಕೂತಲ್ಲಿಂದಲೇ ಕೈಗೆ ಸಿಗೋ ಹಾಗೆ."

"ಹಾಕಿದ್ರೆ ಕಣ್ಣು ಉಳೀತಿತ್ತಾ?" ಎಂದೆ.

"ಉಳೀತಿತ್ತೋ ಇಲ್ವೋ ಅಕ್ಕ. ಹಾಕಿದ್ರೂ ಎಷ್ಟೋ ಸಲ ಉಳಿಯಲ್ಲ. ಆದ್ರೆ ಅವಳು ಉಳೀತಿತ್ತು ಅಂತಲೇ ಅಂದ್ಕೋತಾಳೆ."

"ಅವರು ನಿನ್ನನ್ನ ಜೈಲಿಗೆ ಕಳಿಸಿ ಸುಮ್ಮನಿರೋರು ಕಣೇ" ಎಂದರು ಅತ್ತೆ.

"ಗೊತ್ತಮ್ಮ." ಕ್ಲಿನಿಕ್ಕಿನ ಕೀಲಿಯನ್ನು ಗೊಂಚಲಿನಿಂದ ಬಿಡಿಸುತ್ತಿದ್ದಳು. ಉಗುರು ಜಾರಿ ಜಾರಿ ಬರುತ್ತಿರಲಿಲ್ಲ. "ಇನ್ನು ದಿನಾ ಆ ಮುಖಾನೇ ನೋಡ್ಕೊಂಡು ಊಟ ಮಾಡ್ಬೇಕು ಅವಳು. ಸಾಕು ಅಷ್ಟು. ಡ್ರಾಯರಿನ ವಿಷಯ ನನ್ನ ಬಾಯಿಂದ ಇನ್ಯಾರಿಗೂ ಹೋಗಲ್ಲ."

ಕೀಲಿಯನ್ನು ಅತ್ತೆಯ ಅಂಗೈಯಲ್ಲಿಟ್ಟು ಅವಳು ಕೆಳಗಿಳಿದಳು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಡ್ರಾಯರಿನ ವಿಷಯವನ್ನು ನಾವಿಬ್ಬರೂ ಇವತ್ತಿಗೂ ಯಾರಿಗೂ ಹೇಳಿಲ್ಲ.